ಹೊಸ ಹಲ್ಲಿನ ಸೆಟ್ಟಿಗೆ ಒಗ್ಗಿಕೊಳ್ಳುವುದು ಹೇಗೆ

ಬಾಯಲ್ಲಿ ಒಂದು ಹಲ್ಲೂ ಉಳಿಯದವರು ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 20 ವರ್ಷ ದಾಟಿದವರ ಪೈಕಿ ಶೇ. 7ರಷ್ಟು, 60 ದಾಟಿದವರ ಪೈಕಿ ಶೇ. 23ರಷ್ಟು ಮಂದಿ ಎಲ್ಲ ಹಲ್ಲುಗಳನ್ನೂ ಕಳೆದುಕೊಂಡಿದ್ದಾರೆ. ಹುಳುಕು ಮತ್ತು ಒಸಡಿನ ರೋಗ ಇದಕ್ಕೆ ಮುಖ್ಯ ಕಾರಣಗಳು. ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಜಗಿಯುವ ಅಭ್ಯಾಸ ಒಸಡನ್ನು ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದ ಹಲ್ಲು ಕಟ್ಟಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಬೇಸರದ ಸಂಗತಿಯೆಂದರೆ, ಕಟ್ಟಿಸಿಕೊಂಡ ಎಷ್ಟೋ ಹಿರಿಯರು ಮೊದಲ ವಾರದ ಕಿರಿಕಿರಿಗೇ ಸೋತು ಸೆಟ್ಟನ್ನು ಡಬ್ಬಿಯಲ್ಲಿಟ್ಟುಬಿಡುತ್ತಾರೆ.

ಹೊಸ ಸೆಟ್ಟನ್ನು ಬಾಯಿ ಮೊದಮೊದಲು ತಿನಿಸೆಂದೇ ಭಾವಿಸುವುದರಿಂದ ಎಂಜಲು ಹೆಚ್ಚು ಒಸರುತ್ತದೆ, ಮಾತೂ ತೊದಲುತ್ತದೆ. ಕೆಲವು ವಾರಗಳಲ್ಲಿ ಎರಡೂ ಸರಿಹೋಗುತ್ತವೆ. ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ. ಊಟವನ್ನು ಕುಚ್ಚಲಕ್ಕಿ ಗಂಜಿ, ನೀರುದೋಸೆಗಳಿಂದ ಆರಂಭಿಸಿ, ಸಣ್ಣ ತುತ್ತುಗಳನ್ನು ಎರಡೂ ಬದಿಗಳಲ್ಲಿ ಒಟ್ಟಿಗೆ ಅಗಿಯಬೇಕು, ಏಕೆಂದರೆ ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಮೇಲೇಳುತ್ತದೆ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸಿಕೊಂಡು ತಿನ್ನಬಹುದು; ಚಕ್ಕುಲಿಗೆ ಇನ್ನಷ್ಟು ದಿನ ಕಾಯಬೇಕು. ಕೆಳಗಿನ ಸೆಟ್ಟು ಸಡಿಲವೆನಿಸಿದರೆ ಗಾಬರಿಯಾಗಬೇಡಿ: ಮೇಲಿನದಕ್ಕೆ ಅಂಗುಳಿನ ಅಗಲವಾದ ಆಸರೆಯಿದೆ, ಕೆಳಗಿನದನ್ನಾದರೋ ನಾಲಿಗೆ ಸದಾ ಅಲುಗಿಸುತ್ತಿರುತ್ತದೆ.

ಒಸಡು ಹುಣ್ಣಾದರೆ ಬ್ಲೇಡಿನಿಂದಾಗಲಿ ಮರಳುಕಾಗದದಿಂದಾಗಲಿ ಮನೆಯಲ್ಲೇ ಸೆಟ್ಟನ್ನು ಉಜ್ಜಬೇಡಿ. ದಂತವೈದ್ಯರ ಬಳಿಗೆ ಹೋಗುವ ಮೊದಲು ಕೆಲವು ಗಂಟೆ ಅದನ್ನು ಹಾಕಿಕೊಂಡಿದ್ದರೆ ಒತ್ತುವ ಜಾಗ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟನ್ನೇ ಸರಿಪಡಿಸಿ ಕೊಡುತ್ತಾರೆ.

ರಾತ್ರಿ ಸೆಟ್ಟನ್ನು ತೆಗೆದಿಟ್ಟೇ ಮಲಗಬೇಕು. ಹಾಕಿಕೊಂಡೇ ಮಲಗುವವರ ಅಂಗುಳಿನಲ್ಲಿ ಶಿಲೀಂಧ್ರ ಬೆಳೆದು ಕೆಂಪಾಗುವ ಸಂಭವ ಹೆಚ್ಚು. ಪೇಸ್ಟು ಗೀರು ಮೂಡಿಸುವುದರಿಂದ, ಮೃದುವಾದ ಬ್ರಶ್ಶು ಮತ್ತು ಸಾಬೂನು ನೀರಿನಿಂದ ತೊಳೆಯಿರಿ. ಕೈಜಾರಿ ಬಿದ್ದರೂ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ. ಆಮೇಲೆ ತಣ್ಣೀರಿನಲ್ಲಿ ಮುಳುಗಿಸಿಡಿ. ಒಣಗಲು ಬಿಟ್ಟರೂ, ಕುದಿನೀರು ಸುರಿದರೂ ಸೆಟ್ಟಿನ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಆಕಾರ ಕೆಡಬಹುದು.

ಹಲ್ಲಿಲ್ಲದ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುವುದರಿಂದ ಚೆನ್ನಾಗಿ ಕೂರುತ್ತಿದ್ದ ಸೆಟ್ಟೂ ಸಡಿಲವಾಗುತ್ತದೆ. ಆಗ ಒಳಪದರವನ್ನು ಹೊಸದಾಗಿ ಹಾಕಿಸಬಹುದು, ಇಲ್ಲವೇ ಸೆಟ್ಟನ್ನೇ ಬದಲಾಯಿಸಬೇಕಾಗುತ್ತದೆ. ಮಣಿಪಾಲ, ಮಂಗಳೂರು, ದೇರಳಕಟ್ಟೆಗಳ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕೃತಕ ದಂತಗಳಿಗೆಂದೇ ವಿಭಾಗಗಳಿವೆ. ಬಿಪಿಎಲ್ ಕಾರ್ಡಿನವರು ರಾಜ್ಯದ ದಂತ ಭಾಗ್ಯ ಯೋಜನೆಯ ಬಗ್ಗೆಯೂ ವಿಚಾರಿಸಿರಿ. ಹೋಗುವಾಗ ಹಳೆಯ ಸೆಟ್ಟನ್ನು ಕೊಂಡೊಯ್ಯಿರಿ. ಮುರಿದಿದ್ದರೆ ಅಂಗಡಿಯ ಗೋಂದಿನಿಂದ ಅಂಟಿಸದೆ ತುಂಡುಗಳನ್ನು ಹಾಗೆಯೇ ಒಪ್ಪಿಸಿರಿ.