ಕಂಪ್ಯೂಟರ್‌ಗೆ ನೀರಿನ ತಂಪು: ಮೊದಲ ಲೂಪ್‌ಗೆ ಬಿಡಿಭಾಗ ಆರಿಸುವುದು ಹೇಗೆ?

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೂತು ವಿಡಿಯೊ ರೆಂಡರ್ ಮಾಡುವವರಿಗೆ ಗ್ರಾಫಿಕ್ಸ್ ಕಾರ್ಡಿನ ಸದ್ದು ಎಂಥದ್ದೆಂದು ಹೇಳಬೇಕಾಗಿಲ್ಲ. ಕೋಣೆಯೊಳಗೇ 36 ಡಿಗ್ರಿ. ಮೂರೂ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿದರೂ ಕಾರ್ಡಿನ ಬಿಸಿ ಇಳಿಯುವುದಿಲ್ಲ. ಆ ಹೊತ್ತಿನಲ್ಲೇ ಬಹಳ ಜನಕ್ಕೆ ಕಸ್ಟಮ್ ವಾಟರ್ ಕೂಲಿಂಗ್ ಮಾಡಿಸೋಣ ಅನ್ನಿಸುವುದು. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸುವ, ನೀರು ಸುತ್ತುತ್ತಲೇ ಇರುವ ಈ ವ್ಯವಸ್ಥೆಗೇ ಲೂಪ್ ಎನ್ನುವುದು.

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ನೀರು ಬಿಸಿಯನ್ನು ಮಾಯ ಮಾಡುವುದಿಲ್ಲ. ಚಿಪ್ ಮೇಲೆ ಕೂರುವ ಬ್ಲಾಕ್ ಎಂಬ ಲೋಹದ ತುಂಡಿನೊಳಗೆ ಹರಿದು ಬಿಸಿ ಎತ್ತಿಕೊಂಡು, ತೆಳು ರೆಕ್ಕೆಗಳ ರೇಡಿಯೇಟರ್‌ವರೆಗೆ ಹೊರುತ್ತದೆ, ಅಲ್ಲಿಂದ ಫ್ಯಾನ್ ಆ ಬಿಸಿಯನ್ನು ನಿಮ್ಮ ಕೋಣೆಗೇ ಊದುತ್ತದೆ. ಕೋಣೆ 36 ಡಿಗ್ರಿ ಇದ್ದರೆ ಲೂಪಿನ ನೀರು ಅದಕ್ಕಿಂತ ಕೆಳಗಿಳಿಯುವ ಮಾತೇ ಇಲ್ಲ. (ಇದರಿಂದ ಒಂದು ಒಳ್ಳೆಯದೂ ಇದೆ: ಮಂಗಳೂರಿನ ಸೆಕೆಯಲ್ಲೂ ಟ್ಯೂಬಿನ ಮೇಲೆ ಹನಿಗಟ್ಟುವ ಭಯವಿಲ್ಲ.) ಲಾಭವೆಲ್ಲ ಇರುವುದು ರೇಡಿಯೇಟರಿನ ವಿಸ್ತಾರದಲ್ಲಿ. ಅದು ದೊಡ್ಡದಾದಷ್ಟೂ ಫ್ಯಾನ್ ನಿಧಾನವಾಗಿ ತಿರುಗಿದರೂ ಸಾಕಾಗುತ್ತದೆ. ದುಡ್ಡು ಮೊದಲು ಹೋಗಬೇಕಾದ್ದೂ ಅಲ್ಲಿಗೇ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ ಒಂದನ್ನೇ ತಂಪು ಮಾಡುವ ಆಸೆಯಿದ್ದರೆ ಈ ಖರ್ಚು ಬೇಡ. ಒಳ್ಳೆಯ ಏರ್ ಕೂಲರ್ ಸಾಕು. ಕಸ್ಟಮ್ ಲೂಪಿನ ನಿಜವಾದ ಫಲ ಸಿಗುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಅದಕ್ಕೆ ಬ್ಲಾಕ್ ಕೂರಿಸಿದಾಗ.

ಹಂತ 1: ವ್ಯಾಟ್ ಲೆಕ್ಕ

ಹಾಳೆಯೊಂದರಲ್ಲಿ ಎರಡು ಸಂಖ್ಯೆ ಬರೆದುಕೊಳ್ಳಿ. ಪ್ರೊಸೆಸರ್ ಗರಿಷ್ಠ ಎಷ್ಟು ವ್ಯಾಟ್ ಎಳೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಎಷ್ಟು. ಉದಾಹರಣೆಗೆ ಎಎಂಡಿಯ ರೈಝೆನ್ 7 7700ಎಕ್ಸ್ ತೆಗೆದುಕೊಳ್ಳಿ. ಅದರ ಟಿಡಿಪಿ (ತಯಾರಕರು ಹೇಳುವ ಬಿಸಿಯ ಅಂಕಿ) 105 ವ್ಯಾಟ್ ಎಂದಿದ್ದರೂ ಮದರ್‌ಬೋರ್ಡಿನಲ್ಲಿ ತಾನು ಕೂರುವ ಸಾಕೆಟ್‌ನಿಂದ 142 ವ್ಯಾಟ್‌ವರೆಗೆ ಎಳೆಯಬಲ್ಲದು. ಎನ್ವಿಡಿಯಾದ ಆರ್‌ಟಿಎಕ್ಸ್ 4080 ಕಾರ್ಡ್ 320 ವ್ಯಾಟ್. ಒಟ್ಟು 462.

120 ಮಿ.ಮೀ. ಫ್ಯಾನ್ ಒಂದು ಕೂರುವ ರೇಡಿಯೇಟರ್ ಭಾಗಕ್ಕೆ ಸುಮಾರು 100 ವ್ಯಾಟ್ ಎಂದು ಹಿಡಿಯುವುದು ರೂಢಿ. ಹಾಗೆ ಹಿಡಿದರೆ ನಮಗೆ ಐದು ಭಾಗ ಬೇಕು, ಅಂದರೆ ಮೂರು ಫ್ಯಾನಿನ 360 ಒಂದು, ಎರಡು ಫ್ಯಾನಿನ 240 ಒಂದು. ಫ್ಯಾನ್ ನಿಮಿಷಕ್ಕೆ 1200 ಸುತ್ತಿನ ಆಸುಪಾಸಿನಲ್ಲಿ ತಿರುಗಿದರೆ ನೀರು ಕೋಣೆಗಿಂತ 12ರಿಂದ 15 ಡಿಗ್ರಿ ಮೇಲೆ ನಿಲ್ಲುತ್ತದೆ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ ಅದು 40 ಚಿಲ್ಲರೆ. ಬಳ್ಳಾರಿಯ 37 ಡಿಗ್ರಿ ಕೋಣೆಯಲ್ಲಿ 50ರ ಗಡಿ ದಾಟುತ್ತದೆ. ಪಂಪ್ ಮತ್ತು ಟ್ಯೂಬ್ ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 60 ಡಿಗ್ರಿ. ಆದ್ದರಿಂದ ಬಯಲುಸೀಮೆಯ ಬಿಸಿಲೂರುಗಳಲ್ಲಿರುವವರು ಲೆಕ್ಕಕ್ಕಿಂತ ಒಂದು ಭಾಗ ಹೆಚ್ಚೇ ರೇಡಿಯೇಟರ್ ಹಾಕಿಸಿ.

ಹಂತ 2: ಕ್ಯಾಬಿನೆಟ್‌ಗೆ ಟೇಪ್ ಹಿಡಿಯಿರಿ

ಕ್ಯಾಬಿನೆಟ್ ಬಾಕ್ಸಿನ ಮೇಲೆ ‘360 ರೇಡಿಯೇಟರ್ ಹಿಡಿಸುತ್ತದೆ’ ಎಂದು ಬರೆದಿರುತ್ತಾರೆ. ಎಷ್ಟು ದಪ್ಪದ್ದು ಎಂಬುದನ್ನು ನೀವೇ ಅಳೆಯಬೇಕು. ತೆಳು ರೇಡಿಯೇಟರ್ 30 ಮಿ.ಮೀ., ಫ್ಯಾನ್ 25 ಮಿ.ಮೀ., ಎರಡೂ ಸೇರಿ 55. ಮೇಲ್ಭಾಗದಲ್ಲಿ ಕೂರಿಸುವುದಾದರೆ ಈ 55 ಮಿ.ಮೀ. ಮದರ್‌ಬೋರ್ಡಿನ ಹೀಟ್‌ಸಿಂಕ್‌ಗೋ ಎತ್ತರದ ರ‍್ಯಾಮ್‌ಗೋ ತಾಗದಂತೆ ಜಾಗ ಇದೆಯೇ ನೋಡಿ. ಮುಂಭಾಗಕ್ಕೆ 60 ಮಿ.ಮೀ. ದಪ್ಪದ ರೇಡಿಯೇಟರ್ ಹಾಕಿದರೆ ಫ್ಯಾನ್ ಸೇರಿ 85 ಮಿ.ಮೀ. ಹೋಗುತ್ತದೆ, ಉದ್ದದ ಗ್ರಾಫಿಕ್ಸ್ ಕಾರ್ಡ್ ಅಲ್ಲಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಆದರೆ ವಾಟರ್ ಬ್ಲಾಕ್ ಕೂತ ಮೇಲೆ ಅದೇ ಕಾರ್ಡ್ ಸಾಮಾನ್ಯವಾಗಿ ಚಿಕ್ಕದೂ ತೆಳ್ಳಗೂ ಆಗುತ್ತದೆ. ಅಳೆಯುವಾಗ ಇದನ್ನೂ ಗಮನಿಸಿ.

ರೇಡಿಯೇಟರಿನ ರೆಕ್ಕೆಗಳ ದಟ್ಟಣೆಯೂ ಮುಖ್ಯ. ತೀರ ಒತ್ತೊತ್ತಾದ ರೆಕ್ಕೆಗಳ ನಡುವೆ ಗಾಳಿ ತೂರಿಸಲು ಫ್ಯಾನ್ ಜೋರಾಗಿ ತಿರುಗಬೇಕು. ನಮ್ಮ ಧೂಳು ಬೇರೆ ಅಲ್ಲೇ ಹೋಗಿ ಕೂರುತ್ತದೆ. ರೆಕ್ಕೆ ಕೊಂಚ ಬಿಡಿಬಿಡಿಯಾಗಿರುವುದನ್ನೇ ಆರಿಸಿ. ಫ್ಯಾನ್ ಕೊಳ್ಳುವಾಗ ಒತ್ತಡದಿಂದ ಗಾಳಿ ತಳ್ಳುವ, ಅಂದರೆ ಸ್ಟ್ಯಾಟಿಕ್ ಪ್ರೆಶರ್ ಹೆಚ್ಚಿರುವ ಮಾದರಿ ಕೇಳಿ.

ಹಂತ 3: ಬ್ಲಾಕ್

ಪ್ರೊಸೆಸರ್ ಬ್ಲಾಕ್‌ನಲ್ಲಿ ನೋಡಬೇಕಾದ್ದು ನಿಮ್ಮ ಸಾಕೆಟ್‌ನ ಬ್ರಾಕೆಟ್ ಜೊತೆಗೆ ಬರುತ್ತದೆಯೇ ಎಂಬುದು. ಫಲಿತಾಂಶದ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. ರೈಝೆನ್ 7000 ಸಾಲಿನ ಪ್ರೊಸೆಸರ್‌ಗಳು ಪೂರ್ತಿ ಕೆಲಸದ ಹೊರೆ ಬಿದ್ದಾಗ 95 ಡಿಗ್ರಿವರೆಗೆ ಏರುವುದು ವಿನ್ಯಾಸದಲ್ಲೇ ಇದೆ ಎಂದು ಎಎಂಡಿ ಹೇಳಿದೆ. ನೀರು ಹಾಕಿದ ಮೇಲೂ 85 ಕಂಡರೆ ಬ್ಲಾಕ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ಕೊಳ್ಳುವಾಗ ಎಡವುವವರು ಹೆಚ್ಚು. ‘4080ಗೆ ಬ್ಲಾಕ್ ಕೊಡಿ’ ಎಂದು ಕೇಳಿದರೆ ಸಾಲದು. ಒಂದೇ ಚಿಪ್ ಇದ್ದರೂ ಒಂದೊಂದು ಕಂಪನಿ ಒಂದೊಂದು ಥರದ ಬೋರ್ಡ್ ಮಾಡುತ್ತದೆ. ಸ್ಕ್ರೂ ತೂತು, ಕೆಪ್ಯಾಸಿಟರ್ ಎತ್ತರ, ಮೆಮೊರಿಯ ಜಾಗ ಎಲ್ಲವೂ ಬೇರೆ. ಕಾರ್ಡಿನ ಹಿಂದಿನ ಲೇಬಲ್‌ನಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನು ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂದು ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಮೂಲ ಕೂಲರ್ ಮತ್ತು ಅದರ ಸ್ಕ್ರೂಗಳನ್ನು ಎಸೆಯಬೇಡಿ. ಕಾರ್ಡ್ ಮಾರುವ ದಿನ ಅವು ಬೇಕು.

ಹಂತ 4: ಲೋಹ ಬೆರಕೆಯಾಗಬಾರದು

ಇದೊಂದು ವಿಷಯದಲ್ಲಿ ರಾಜಿ ಬೇಡ. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪದ ತಾಮ್ರ ಇವು ಮೂರೂ ಒಂದೇ ಲೂಪಿನಲ್ಲಿ ಹೊಂದಿಕೊಂಡು ಇರುತ್ತವೆ. ಅವುಗಳ ನಡುವೆ ಅಲ್ಯೂಮಿನಿಯಂ ಬಂತೆಂದರೆ ಲೂಪ್ ಒಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ನೀರಿನ ಮೂಲಕ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಸವೆದ ಪುಡಿ ಬ್ಲಾಕ್‌ನೊಳಗಿನ ಕೂದಲಿನಷ್ಟು ಸಣ್ಣ ಸಂದುಗಳಲ್ಲಿ ಕೂರುತ್ತದೆ. ಲೂಪಿಗೆ ತುಂಬುವ ದ್ರವದಲ್ಲಿ, ಅಂದರೆ ಕೂಲೆಂಟ್‌ನಲ್ಲಿ, ತುಕ್ಕು ತಡೆಯುವ ರಾಸಾಯನಿಕ ಇದ್ದರೂ ಅದು ಇದನ್ನು ನಿಧಾನಿಸಬಹುದಷ್ಟೇ.

ಅಗ್ಗದ ರೇಡಿಯೇಟರ್‌ಗಳಲ್ಲಿ ಅಲ್ಯೂಮಿನಿಯಂ ಸಾಮಾನ್ಯ. ವಿವರದಲ್ಲಿ ಲೋಹದ ಹೆಸರೇ ಇಲ್ಲದಿದ್ದರೆ ಕೊಳ್ಳಬೇಡಿ. ‘ತಾಮ್ರದ ರೆಕ್ಕೆ, ಹಿತ್ತಾಳೆಯ ಚೇಂಬರ್’ ಎಂದು ಸ್ಪಷ್ಟವಾಗಿ ಬರೆದಿರಬೇಕು. ಟ್ಯೂಬನ್ನು ಭಾಗಗಳಿಗೆ ಜೋಡಿಸುವ ಫಿಟ್ಟಿಂಗ್‌ಗೂ ಇದೇ ನಿಯಮ: ನಿಕ್ಕಲ್ ಲೇಪದ ಹಿತ್ತಾಳೆ ಇರಲಿ. ಕೈಯಲ್ಲಿ ಹಿಡಿದರೆ ತೂಕದಲ್ಲೇ ಗೊತ್ತಾಗುತ್ತದೆ. ಹಿತ್ತಾಳೆ ಭಾರ, ಅಲ್ಯೂಮಿನಿಯಂ ಹಗುರ.

ಹಂತ 5: ಪಂಪ್ ಮತ್ತು ರಿಸರ್ವಾಯರ್

ಮೊದಲ ಲೂಪ್‌ಗೆ ಡಿ5 ಮಾದರಿಯ ಪಂಪ್ ಕಣ್ಣುಮುಚ್ಚಿ ಕೊಳ್ಳಬಹುದು. ವೇಗ ಇಳಿಸಿಕೊಂಡರೆ ಸದ್ದು ಬಹಳ ಕಡಿಮೆ, ಬಾಳಿಕೆಯೂ ಚೆನ್ನ. ಪಂಪ್ ಮತ್ತು ನೀರಿನ ಪಾತ್ರೆ (ರಿಸರ್ವಾಯರ್) ಒಂದಾಗಿ ಬರುವ ಕಾಂಬೊ ಕೊಂಡರೆ ಎರಡು ಫಿಟ್ಟಿಂಗ್ ಉಳಿಯುತ್ತದೆ. ಪಾತ್ರೆಯ ನೀರು ನೇರ ಪಂಪಿಗೇ ಇಳಿಯುವುದರಿಂದ ಪಂಪ್ ಒಣಗಿ ಓಡುವ ಅಪಾಯವೂ ಕಡಿಮೆ.

ಮೊದಲು ಪ್ರೊಸೆಸರೋ, ಗ್ರಾಫಿಕ್ಸೋ? ಯಾವುದರ ನಂತರ ರೇಡಿಯೇಟರ್? ಎಲ್ಲರೂ ಕೇಳುವ ಪ್ರಶ್ನೆ ಇದು. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ ಮೂರು ಲೀಟರ್ ನೀರು ಹರಿಯುತ್ತಿದ್ದರೆ 462 ವ್ಯಾಟ್ ಬಿಸಿ ಆ ನೀರನ್ನು ಏರಿಸುವುದು ಸುಮಾರು 2.2 ಡಿಗ್ರಿ ಮಾತ್ರ. ಇಡೀ ಲೂಪಿನಲ್ಲಿ ನೀರು ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತದೆ. ಹಾಗಾಗಿ ಟ್ಯೂಬ್ ಎಲ್ಲಿ ಚಿಕ್ಕದಾಗಿ, ತಿರುಚದೆ ಹೋಗುತ್ತದೋ ಆ ದಾರಿಯೇ ಸರಿಯಾದ ದಾರಿ. ಪಂಪಿನ ಮೊದಲು ರಿಸರ್ವಾಯರ್ ಇರಬೇಕು ಎಂಬುದೊಂದೇ ಕಟ್ಟಳೆ.

ಹಂತ 6: ಟ್ಯೂಬ್, ಫಿಟ್ಟಿಂಗ್, ಡ್ರೈನ್

ಗಾಜಿನಂತೆ ಹೊಳೆಯುವ ಗಟ್ಟಿ ಟ್ಯೂಬ್ ಚಂದ, ಒಪ್ಪುತ್ತೇನೆ. ಆದರೆ ಅದನ್ನು ಕಾಯಿಸಿ ಬಗ್ಗಿಸುವುದು ಬೇರೆಯದೇ ಕೈಕೆಲಸ. ಮೇಲಾಗಿ ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಟ್ಯೂಬ್ 60 ಡಿಗ್ರಿ ಹತ್ತಿರ ಮೆದುವಾಗತೊಡಗುತ್ತದೆ. ಬಿಸಿಲೂರಿನ ಬೇಸಿಗೆಯಲ್ಲಿ ಪಂಪ್ ಕೈಕೊಟ್ಟರೆ ಆ ಬಿಸಿ ಬರಲು ಹೊತ್ತು ಬೇಕಿಲ್ಲ. ಮೊದಲ ಲೂಪ್‌ಗೆ ಮೆತ್ತಗಿನ ಟ್ಯೂಬನ್ನೇ ತನ್ನಿ, ಅದರಲ್ಲೂ ಕಪ್ಪು ಇಪಿಡಿಎಂ ರಬ್ಬರ್.

ನನ್ನ ಮೊದಲ ಲೂಪ್‌ಗೆ ನಾನು ಹಾಕಿದ್ದು ಪಾರದರ್ಶಕ ಪಿವಿಸಿ ಟ್ಯೂಬ್. ಎಂಟು ತಿಂಗಳಿಗೆ ಪ್ರೊಸೆಸರ್ ಬಿಸಿ ಮೆಲ್ಲನೆ ಏರತೊಡಗಿತು. ಬ್ಲಾಕ್ ಬಿಚ್ಚಿದಾಗ ತಾಮ್ರದ ಸಂದುಗಳ ತುಂಬ ಬಿಳಿ ಅಂಟು. ಪಿವಿಸಿಯನ್ನು ಮೆದುವಾಗಿಡಲು ಬೆರೆಸುವ ಪ್ಲಾಸ್ಟಿಸೈಸರ್ ನೀರಿಗೆ ಇಳಿದು ಅಲ್ಲಿ ಬಂದು ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಸಂಜೆಯಿಡೀ ಉಜ್ಜಿದೆ. ಇಪಿಡಿಎಂನಲ್ಲಿ ಈ ತೊಂದರೆಯಿಲ್ಲ.

ಅಳತೆಯಲ್ಲಿ ಎರಡು ಅಂಕಿ ಇರುತ್ತವೆ, ಒಳವ್ಯಾಸ ಮತ್ತು ಹೊರವ್ಯಾಸ. 10/13 ಮಿ.ಮೀ. ತೆಳ್ಳಗೆ, ಸಣ್ಣ ಕ್ಯಾಬಿನೆಟ್‌ಗೆ ಸರಿ. 10/16 ದಪ್ಪ ಗೋಡೆಯದು, ಬಗ್ಗಿಸಿದಾಗ ಸುಲಭಕ್ಕೆ ಮಡಚಿಕೊಳ್ಳುವುದಿಲ್ಲ. ನನ್ನ ಆಯ್ಕೆ ಅದೇ. ಟ್ಯೂಬನ್ನು ಉಂಗುರದಿಂದ ಬಿಗಿದು ಹಿಡಿಯುವ ಕಂಪ್ರೆಷನ್ ಫಿಟ್ಟಿಂಗ್‌ನ ಎರಡೂ ಅಂಕಿ ಟ್ಯೂಬಿನ ಅಂಕಿಗಳಿಗೆ ಸರಿಯಾಗಿ ಹೊಂದಬೇಕು. 10/13ರ ಫಿಟ್ಟಿಂಗ್‌ಗೆ 10/16ರ ಟ್ಯೂಬ್ ಕೂರುವುದಿಲ್ಲ.

ಫಿಟ್ಟಿಂಗ್ ಎಷ್ಟು ಬೇಕು? ಪ್ರತಿ ಭಾಗಕ್ಕೂ ಒಳಗೊಂದು ಹೊರಗೊಂದು: ಪ್ರೊಸೆಸರ್ ಬ್ಲಾಕ್, ಗ್ರಾಫಿಕ್ಸ್ ಬ್ಲಾಕ್, ಎರಡು ರೇಡಿಯೇಟರ್, ಪಂಪ್ ಕಾಂಬೊ. ಹತ್ತಾಯಿತು. ಇಕ್ಕಟ್ಟಿನ ಮೂಲೆಗಳಿಗೆ ತಿರುಗುವ 90 ಡಿಗ್ರಿ ಅಡಾಪ್ಟರ್ ಮೂರ‍್ನಾಲ್ಕು ಸೇರಿಸಿ. ಬಿಡಿಬಿಡಿಯಾಗಿ ಕಡಿಮೆ ಎನಿಸಿದರೂ ಒಟ್ಟು ಮೊತ್ತ ಪಂಪಿನ ಬೆಲೆಯನ್ನೇ ಮುಟ್ಟಬಹುದು. ಬಜೆಟ್ ಬರೆಯುವಾಗ ಇದನ್ನು ಮರೆಯಬೇಡಿ.

ಫಿಟ್ಟಿಂಗ್ ತಿರುಗಿಸಿ ಕೂರಿಸುವ ಎಳೆ (ಥ್ರೆಡ್) ಸಾಮಾನ್ಯವಾಗಿ ಎಲ್ಲ ಭಾಗಗಳಲ್ಲೂ ಜಿ 1/4 ಎಂಬ ಒಂದೇ ಅಳತೆಯದು. ಆದ್ದರಿಂದ ಬೇರೆ ಬೇರೆ ಕಂಪನಿಯ ಭಾಗ ಬೆರೆಸಬಹುದು. ನಲ್ಲಿ ಕೂರಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಇಲ್ಲಿ ಬೇಡ. ನೀರು ತಡೆಯುವುದು ರಬ್ಬರ್ ಓ-ರಿಂಗ್. ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಬ್ಲಾಕ್ ಸೀಳುತ್ತದೆ.

ಪಟ್ಟಿಯಲ್ಲಿ ಇನ್ನೂ ಎರಡು ವಸ್ತು ಇರಲೇಬೇಕು. ಒಂದು, ಲೂಪಿನ ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ ಬಾಲ್ ವಾಲ್ವ್, ಅಂದರೆ ನೀರು ಬಸಿಯುವ ಪುಟ್ಟ ನಲ್ಲಿ. ಇದು ಇಲ್ಲದಿದ್ದರೆ ನೀರು ಬದಲಿಸುವ ದಿನ ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಟ್ಯೂಬ್ ಬಿಚ್ಚಬೇಕಾಗುತ್ತದೆ. ಇನ್ನೊಂದು, ನೀರಿನ ಬಿಸಿ ಅಳೆಯುವ ಸೆನ್ಸರ್ ಪ್ಲಗ್. ಮದರ್‌ಬೋರ್ಡಿನಲ್ಲಿ ಎರಡು ಪಿನ್ನಿನ ಸೆನ್ಸರ್ ಜಾಗವಿದ್ದರೆ ಫ್ಯಾನಿನ ವೇಗವನ್ನು ನೀರಿನ ಬಿಸಿಗೆ ಕಟ್ಟಿಹಾಕಬಹುದು. ಆಗ ಫ್ಯಾನ್ ಕ್ಷಣಕ್ಕೊಮ್ಮೆ ಏರಿಳಿಯದೆ ಒಂದೇ ಹದದಲ್ಲಿ ತಿರುಗುತ್ತದೆ.

ಹಂತ 7: ನೀರು

ಬೋರ್‌ವೆಲ್ ನೀರು ಗೀಸರ್ ಕಾಯಿಲ್‌ಗೆ ಏನು ಮಾಡುತ್ತದೆಂದು ಎಲ್ಲರ ಮನೆಯಲ್ಲೂ ಕಂಡಿದ್ದೇವೆ. ನಲ್ಲಿ ನೀರೂ ಬೇಡ, ಕುಡಿಯುವ ಆರ್‌ಒ ನೀರೂ ಬೇಡ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ರೇಡಿಯೇಟರ್ ತೊಳೆಯಲು ಅನುಕೂಲ. ಹೊಸ ರೇಡಿಯೇಟರ್‌ನಲ್ಲಿ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ. ಈ ನೀರನ್ನು ಬಿಸಿ ಮಾಡಿ ಹಾಕಿ, ಅಲುಗಾಡಿಸಿ, ಬಗ್ಗಡವಿಲ್ಲದೆ ತಿಳಿಯಾಗಿ ಬರುವವರೆಗೆ ಚೆಲ್ಲಿ. ಲೂಪಿಗೆ ಮಾತ್ರ ಕಂಪ್ಯೂಟರ್‌ಗೆಂದೇ ಬರುವ ಬಣ್ಣವಿಲ್ಲದ ಕೂಲೆಂಟ್ ತುಂಬಿಸಿ. ಅದರಲ್ಲಿ ತುಕ್ಕು ಮತ್ತು ಪಾಚಿ ತಡೆಯುವ ಅಂಶ ಇರುತ್ತದೆ. ಹಾಲಿನಂತೆ ಮಬ್ಬಾದ ಬಣ್ಣದ ಕೂಲೆಂಟ್‌ಗಳಲ್ಲಿ ಕಣಗಳು ತೇಲುತ್ತಿರುತ್ತವೆ, ದಿನ ಕಳೆದಂತೆ ತಳದಲ್ಲಿ ಹೋಗಿ ಕೂರುತ್ತವೆ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಹಂತ 8: ಕರೆಂಟ್ ಕೊಡುವ ಮೊದಲು

ಭಾಗಗಳ ಜೊತೆಗೇ 24 ಪಿನ್ನಿನ ಜಂಪರ್ ಪ್ಲಗ್ ಒಂದನ್ನೂ ಕೊಳ್ಳಿ. ಅದನ್ನು ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ, ಅಂದರೆ ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರ್‌ಗೆ ಸಿಕ್ಕಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಎಸ್‌ಎಂಪಿಎಸ್ ಚಾಲೂ ಆಗುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿನ ವೈರ್ ಬಿಚ್ಚಿಟ್ಟು ಪಂಪಿಗೆ ಮಾತ್ರ ಕರೆಂಟ್ ಕೊಡಿ. ರಿಸರ್ವಾಯರ್ ತುಂಬಿಸಿ, ಎರಡು ಮೂರು ಸೆಕೆಂಡ್ ಪಂಪ್ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿಸಿ. ಪಂಪಿಗೆ ಒಳಗಿನ ನೀರೇ ಎಣ್ಣೆ ಇದ್ದ ಹಾಗೆ, ಒಣಗಿದ್ದಾಗ ಓಡಿಸಿದರೆ ಸವೆಯುತ್ತದೆ. ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ಮೆಲ್ಲಗೆ ವಾಲಿಸಿದರೆ ರೇಡಿಯೇಟರ್‌ನಲ್ಲಿ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುತ್ತದೆ. ಪ್ರತಿ ಫಿಟ್ಟಿಂಗ್ ಕೆಳಗೂ ಬಿಳಿ ಟಿಶ್ಯೂ ಇಟ್ಟು ಪಂಪನ್ನು ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಎಲ್ಲವೂ ಒಣಗಿದ್ದರೆ ಜಂಪರ್ ತೆಗೆದು ಕನೆಕ್ಟರನ್ನು ಮದರ್‌ಬೋರ್ಡ್‌ಗೆ ಹಾಕಿ.