ಮೀನಿನ ತೊಟ್ಟಿಗೆ ಗಸಿ ಟ್ಯಾಂಕ್: ನಾನು ಅಳತೆ ಹಾಕಿದ ಬಗೆ

ಬಾಗಲಕೋಟೆ ನವನಗರದ ನಮ್ಮ ಮನೆ ಹಿತ್ತಲಲ್ಲಿ ಇಟ್ಟಿಗೆ-ಸಿಮೆಂಟಿನ ಮೀನಿನ ತೊಟ್ಟಿ ಇದೆ. 8 ಅಡಿ ಉದ್ದ, 5 ಅಡಿ ಅಗಲ, ನೀರು ಎರಡೂವರೆ ಅಡಿ. ಘನ ಅಡಿಗೆ 28.3 ಲೀಟರ್ ಹಿಡಿದರೆ ಸುಮಾರು 2,800 ಲೀಟರ್ ಆಗುತ್ತದೆ. ಅದರಲ್ಲಿ ಆರು ಕೋಯಿ, ಹನ್ನೆರಡು ಗೋಲ್ಡ್‌ಫಿಶ್. ಇವು ತಿನ್ನೋದೂ ಜಾಸ್ತಿ, ಹೊಲಸು ಮಾಡೋದೂ ಜಾಸ್ತಿ. ಫಿಲ್ಟರಿನ ಸ್ಪಂಜು ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತಿತ್ತು. ಸ್ಪಂಜಿಗೆ ಹೋಗೋ ಮೊದಲೇ ಹೊಲಸು ಒಂದು ಕಡೆ ಗಸಿಯಾಗಿ ಕೂತರೆ ಚೆನ್ನ ಅಲ್ವಾ ಅಂತ 200 ಲೀಟರಿನ ನೀಲಿ ಡ್ರಮ್ ತಂದೆ. ತೊಟ್ಟಿಯಲ್ಲಿದ್ದ ಪಂಪಿನಿಂದ ಅದಕ್ಕೆ ನೀರು ಬಿಟ್ಟೆ.

ಒಂದು ವಾರ ಬಿಟ್ಟು ಡ್ರಮ್ ಬಗ್ಗಿಸಿ ನೋಡಿದರೆ ತಳದಲ್ಲಿ ಹಿಡಿಯಷ್ಟೂ ಗಸಿ ಇರಲಿಲ್ಲ.

ಆಮೇಲೆ ಕೂತು ಲೆಕ್ಕ ಮಾಡಿದೆ. ಪಂಪಿನ ಡಬ್ಬದ ಮೇಲೆ ಗಂಟೆಗೆ 3,000 ಲೀಟರ್ ಅಂತಿತ್ತು. ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಟೈಮ್ ನೋಡಿದೆ. ತುಂಬಲು 36 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 2,000 ಲೀಟರ್, ನಿಮಿಷಕ್ಕೆ ಸುಮಾರು 33 ಲೀಟರ್. ನೀರು ಮೇಲಕ್ಕೆ ಎತ್ತಬೇಕಾದಾಗ ಪಂಪಿನ ದಮ್ಮು ಇಳಿಯುತ್ತದೆ. ಡಬ್ಬದ ಅಂಕಿ ನಂಬಿ ಲೆಕ್ಕಕ್ಕೆ ಕೂರಬೇಡಿ, ಬಕೆಟ್ ಹಿಡಿದು ನೋಡಿ.

ಡ್ರಮ್ಮಿನ ಒಳ ಅಗಲ 57 ಸೆಂ.ಮೀ. ಇತ್ತು. ಅಡ್ಡ ಕೊಯ್ದರೆ ಸಿಗುವ ವಿಸ್ತೀರ್ಣ ಸುಮಾರು 2,550 ಚದರ ಸೆಂ.ಮೀ. ನಿಮಿಷಕ್ಕೆ 33,300 ಘನ ಸೆಂ.ಮೀ. ನೀರು ಅದರಲ್ಲಿ ಏರಿ ಹೊರಗೆ ಹೋಗಬೇಕು. ಭಾಗಿಸಿದರೆ ನಿಮಿಷಕ್ಕೆ 13 ಸೆಂ.ಮೀ. ನೀರು ಇಷ್ಟು ಜೋರಾಗಿ ಏರುತ್ತಿರುವಾಗ, ಇದಕ್ಕಿಂತ ನಿಧಾನಕ್ಕೆ ಇಳಿಯುವ ಕಣ ಕೂರೋದೇ ಇಲ್ಲ, ನೀರಿನ ಜೊತೆಗೇ ಹೊರಗೆ ಹೋಗುತ್ತದೆ. ಡ್ರಮ್ ಇನ್ನೂ ಎರಡು ಅಡಿ ಎತ್ತರ ಇದ್ದಿದ್ದರೂ ಈ 13 ಹಾಗೇ ಇರುತ್ತಿತ್ತು. ಇದೇ ಹರಿವಿಗೆ ಅದು ಕಡಿಮೆಯಾಗೋದು ಅಗಲ ಹೆಚ್ಚಿದಾಗ ಮಾತ್ರ. ನಾನು ಅಲ್ಲಿಯವರೆಗೆ ಬರೀ ಲೀಟರ್ ನೋಡುತ್ತಿದ್ದೆ.

ಹಾಗಾದರೆ ನಮ್ಮ ಮೀನಿನ ಹೊಲಸು ಎಷ್ಟು ಬೇಗ ಇಳಿಯುತ್ತದೆ? ಎರಡು ಲೀಟರಿನ ಬಾಟಲಿಯ ಮೇಲೆ ಪೆನ್ನಿನಿಂದ 20 ಸೆಂ.ಮೀ. ಗುರುತು ಹಾಕಿದೆ. ತೊಟ್ಟಿಯ ತಳದ ನೀರು ತುಂಬಿ, ಒಮ್ಮೆ ಮೆಲ್ಲಗೆ ಕದಡಿ, ರಾತ್ರಿ ಹಿಂದಿನಿಂದ ಬ್ಯಾಟರಿ ಬಿಟ್ಟು ನೋಡುತ್ತಾ ಕೂತೆ. ಇಡಿಯಾಗಿದ್ದ ಎಳೆಗಳು 20 ಸೆಕೆಂಡಿನೊಳಗೇ ತಳ ಸೇರಿದವು. ಪುಡಿಯಾದ ಚೂರುಗಳು ತೇಲುತ್ತಾ, ಹೊರಳುತ್ತಾ ಇಳಿದವು. ಅವಕ್ಕೆ ಎರಡೂವರೆ ನಿಮಿಷ ಬೇಕಾಯಿತು, ಅಂದರೆ ನಿಮಿಷಕ್ಕೆ 8 ಸೆಂ.ಮೀ. ಇನ್ನೂ ನುಣ್ಣಗಿನದು ಹತ್ತು ನಿಮಿಷವಾದರೂ ನಿಂತಲ್ಲೇ ನಿಂತಿತ್ತು.

ಇದರಿಂದ ಎರಡು ವಿಷಯ ತಿಳಿದವು. ಪಂಪಿನ ರೆಕ್ಕೆ ಇಡೀ ಎಳೆಗಳನ್ನು ಅರೆದು ಪುಡಿ ಮಾಡುತ್ತಿತ್ತು. ಹಾಗಾಗಿ ಪಂಪು ಗಸಿ ಟ್ಯಾಂಕಿನ ಆಚೆಗೆ ಇರಬೇಕು, ನೀರು ಟ್ಯಾಂಕಿಗೆ ತಾನಾಗಿ ಹರಿದು ಬರಬೇಕು. ಇನ್ನೊಂದು, ನೀರು ಏರುವ ವೇಗ ನಿಮಿಷಕ್ಕೆ 8 ಸೆಂ.ಮೀ.ಗಿಂತ ಸಾಕಷ್ಟು ಕೆಳಗೆ ಬರಬೇಕು.

ಗುಜರಿಯಲ್ಲಿ 500 ಲೀಟರಿನ ಹಳೆಯ ನೀರಿನ ಟ್ಯಾಂಕ್ ಸಿಕ್ಕಿತು. ಒಳ ಅಗಲ 92 ಸೆಂ.ಮೀ., ವಿಸ್ತೀರ್ಣ ಸುಮಾರು 6,650. ಏರುವ ವೇಗ 5 ಸೆಂ.ಮೀ.ಗೆ ಇಳಿಯಿತು. ಮೇಲಿನ ಗುಮ್ಮಟ ಕೊಯ್ದು, ಫರಸಿ ಕಲ್ಲಿನ ಮೇಲೆ ತೊಟ್ಟಿ ಪಕ್ಕದಲ್ಲೇ ಕೂರಿಸಿದೆ. ಟ್ಯಾಂಕಿನ ಅಂಚು ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿದೆ. ಹೀಗಿದ್ದರೆ ಕರೆಂಟ್ ಹೋದಾಗ ಎರಡೂ ಕಡೆ ನೀರು ಸಮ ಆಗುತ್ತದೆ, ಹೊರಗೆ ಚೆಲ್ಲೋದಿಲ್ಲ. ನಡುವಿನ ಪೈಪು 63 ಮಿ.ಮೀ. 110 ಮಿ.ಮೀ. ಹಾಕಿದ್ದರೆ ನನ್ನ ಇಷ್ಟು ಸಣ್ಣ ಹರಿವಿಗೆ ಹೊಲಸು ಪೈಪಿನೊಳಗೇ ಕೂರುತ್ತಿತ್ತು. ಹಳೆಯ ನೀಲಿ ಡ್ರಮ್ಮಿಗೆ ಈಗ ಸ್ಪಂಜು, ಪಂಪು ಹಾಕಿ ಟ್ಯಾಂಕಿನ ಆಚೆ ಇಟ್ಟಿದ್ದೇನೆ.

ಅಳತೆ ಸರಿ ಇದ್ದರೂ ಚೂರುಗಳು ದಾಟುತ್ತಲೇ ಇದ್ದವು. ನೀರು ಬರುವ ಕಡೆ ಎರಡು ಚಮಚ ಹಾಲು ಬಿಟ್ಟು ನೋಡಿದೆ. ಟ್ಯಾಂಕಿನಲ್ಲಿ 13 ನಿಮಿಷದ ನೀರು ಹಿಡಿಯುತ್ತದೆ, ಆದರೆ ಹಾಲಿನ ಬಿಳಿ ಗೆರೆ ಒಂದು ನಿಮಿಷದೊಳಗೇ ನೆಟ್ಟಗೆ ಆಚೆ ತೂತಿಗೆ ಹೋಯಿತು. ನೀರಿಗೆ ಅಡ್ಡದಾರಿ ಸಿಕ್ಕಿತ್ತು. ತಳ ಕೊಯ್ದ ಪೇಂಟ್ ಬಕೆಟ್ಟನ್ನು ನಟ್ಟನಡುವೆ ತೂಗು ಹಾಕಿ, ಒಳಬರುವ ಪೈಪನ್ನು ಅದರೊಳಗೆ ಬಿಟ್ಟೆ. ನೀರು ಮೊದಲು ಕೆಳಗಿಳಿದು, ಆಮೇಲೆ ಸುತ್ತಲೂ ಹರಡಿ ಏರತೊಡಗಿತು. ಹೊರಹೋಗುವ ಕಡೆ ಒಂದೇ ತೂತಿನ ಬದಲು ಟಿ ಜೋಡಿಸಿ, ಗರಗಸದಿಂದ ಸೀಳು ಹಾಕಿದ ಪೈಪುಗಳನ್ನು ಅಂಚಿನುದ್ದಕ್ಕೂ ಇಟ್ಟೆ. ಬಕೆಟ್ ಹಿಡಿದ ಜಾಗ ಕಳೆದರೆ ವೇಗ 5.6 ಆಗುತ್ತದೆ, ಪರವಾಗಿಲ್ಲ. ಮತ್ತೆ ಹಾಲು ಬಿಟ್ಟಾಗ ಅಂಚಿಗೆ ಬರಲು ಆರು ನಿಮಿಷ ಹಿಡಿಯಿತು.

ಪ್ರತಿ ಭಾನುವಾರ ಪಂಪು ನಿಲ್ಲಿಸಿ, ಸಪಾಟ ತಳವನ್ನು ವೈಪರಿನಿಂದ ಮೆಲ್ಲಗೆ ಎಳೆದು, ಒಂದೂವರೆ ಇಂಚಿನ ವಾಲ್ವ್ ಬಿಡುತ್ತೇನೆ. ಕಪ್ಪು ನೀರು ಎರಡು-ಮೂರು ಬಕೆಟ್ ಬರುತ್ತದೆ. ಅದು ಕರಿಬೇವಿಗೆ, ನಿಂಬೆಗೆ. ಒಮ್ಮೆ ಮೇ ತಿಂಗಳಲ್ಲಿ ಮದುವೆ ಓಡಾಟದಲ್ಲಿ ಮೂರು ವಾರ ಬಿಟ್ಟಿದ್ದೆ. ಗಸಿ ಕೊಳೆತು ಗುಳ್ಳೆ ಏಳುತ್ತಿತ್ತು. ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕೂತ ಹೊಲಸು ಹೊರಗೆ ಹಾಕುವವರೆಗೂ ಅದೇ ನೀರಿನಲ್ಲೇ ಇರುತ್ತದೆ. ಅಮೋನಿಯಾ ಬಿಡುತ್ತದೆ, ಆಕ್ಸಿಜನ್ ತಿನ್ನುತ್ತದೆ. ಬಿಸಿಲಿಗೆ ಕಾದ ನೀರಲ್ಲಿ ಆಕ್ಸಿಜನ್ ಮೊದಲೇ ಕಡಿಮೆ.

ಗಾಳಿ ಬಿಟ್ಟಾಗ ಬಂದು ಬೀಳುವ ಎರೆಮಣ್ಣಿನ ಧೂಳು ಮಾತ್ರ ಈ ಟ್ಯಾಂಕಿಗೆ ಬಗ್ಗೋದಿಲ್ಲ. ಆ ಜೇಡಿ ಎಷ್ಟು ನುಣುಪು ಅಂದರೆ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟರೂ ನೀರು ತಿಳಿಯಾಗಲಿಲ್ಲ. ಅವ್ವ ನೋಡಿ, "ಒಂದೀಟು ಪಟಕ ಆಡಿಸಿಬಿಡು, ತಿಳಿ ಆಗ್ತದ" ಅಂದಳು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ಹಳೆಯ ಜಾಗ ಮುಳುಗಡೆ ಆಗೋ ಮುಂಚೆ, ಘಟಪ್ರಭಾ ದಂಡೆಯಲ್ಲಿದ್ದಾಗ ರಾಡಿ ನೀರಿಗೆ ಹಾಗೇ ಮಾಡುತ್ತಿದ್ದಳು. ಕುಡಿಯೋ ನೀರಿಗೆ ಅದು ಸರಿ, ಆದರೆ ಪಟಕದಿಂದ ನೀರು ಹುಳಿಯಾಗುತ್ತದೆ, ಮೀನಿನ ಕಿವಿರಿಗೂ ಒಳ್ಳೆಯದಲ್ಲ ಅಂತ ಹೇಳಿದೆ. ಈಗ ಡ್ರಮ್ಮಿನ ಸ್ಪಂಜಿನ ಮೇಲೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಒಂದು ಪದರ ಹಾಸಿದ್ದೇನೆ. ಧೂಳು ಎದ್ದ ಮರುದಿನ ಅದನ್ನು ಹಿಂಡಿದರೆ ಬೂದುಬಣ್ಣದ ನೀರು ಸುರಿಯುತ್ತದೆ.