ಚಿಕ್ಕಪ್ಪನ ಟ್ರಂಕಲ್ಲಿದ್ದ 212 ಹಳೇ ಮ್ಯಾಗಜೀನ್‌ಗಳಿಗೆ ನಾನು ಬೆಲೆ ಕಟ್ಟಿದ್ದು ಹೇಗೆ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ನನ್ನ ಪಾಲಿಗೆ ಬಂತು. ಒಳಗೆ 212 ಮ್ಯಾಗಜೀನು, ಹೆಚ್ಚಿನವು ಹಾಲಿವುಡ್ ತಾರೆಯರ ಕವರ್ ಇದ್ದವು. ನೋಡಿದ ತಕ್ಷಣ ನಂಗನ್ಸಿದ್ದು, ಇಷ್ಟು ಹಳೇದು ಅಂದ್ರೆ ಭಾರೀ ಬೆಲೆ ಇರ್ಲೇಬೇಕು ಅಂತ. ಹಾಗೇನಿಲ್ಲ ಅಂತ ಗೊತ್ತಾಗೋಕೆ ಸುಮಾರು ಒಂದು ವರ್ಷ ಹಿಡೀತು.

ಮೊದಲನೇ ಪಾಠ ಕಲಿಸಿದ್ದು ನಾನು ಮಾರಿದ ಮೊದಲನೇ ಸಂಚಿಕೆ. ಕವರ್ ಹೊಳೀತಿತ್ತು, ಸ್ಪೈನ್ (ಬೆನ್ನು) ಗಟ್ಟಿಯಾಗಿತ್ತು, ಒಳಗೆ ಸರಿಯಾಗಿ ನೋಡ್ದೆ ಕಳಿಸ್ಬಿಟ್ಟೆ. ತಗೊಂಡವರು ಮೆಸೇಜ್ ಮಾಡಿದ್ರು, ಮಧ್ಯದ 4 ಪುಟ ಇಲ್ಲ, ನಟಿ ಫೋಟೋ ಇದ್ದ ಹಾಳೆ ಯಾರೋ ಬಿಚ್ಚಿಕೊಂಡಿದ್ದಾರೆ ಅಂತ. ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳ್ದೆ, ಆವತ್ತಿಂದ ಪುಟ ಎಣಿಸದೇ ಒಂದನ್ನೂ ಲಿಸ್ಟ್ ಮಾಡಿಲ್ಲ. ಪಿನ್ ಹೊಡೆದ ಮ್ಯಾಗಜೀನಲ್ಲಿ ಒಂದು ಹಾಳೆ ಮಡಚಿದ್ರೆ 4 ಪುಟ, ಅದ್ರಲ್ಲಿ ಅರ್ಧ ಕತ್ತರಿಸಿದ್ರೆ ಅದರ ಜೋಡಿ ಇನ್ನೊಂದು ಕಡೆ ಸಡಿಲ ಆಗಿರತ್ತೆ, ಕೈಗೆ ಸಿಗತ್ತೆ. ಆದ್ರೆ ಪೂರ್ತಿ ಹಾಳೆನೇ ಹೋಗಿದ್ರೆ ಏನೂ ಸಡಿಲ ಇರಲ್ಲ, ಪುಟದ ನಂಬರ್ ನೋಡಿದ್ರೆ ಮಾತ್ರ ಗೊತ್ತಾಗೋದು. ಜಾಹೀರಾತಿನ ಕೂಪನ್ ಕತ್ತರಿಸಿದ್ದಾರಾ, ಅದರ ಹಿಂದಿನ ಲೇಖನದ ಸಾಲು ಹೋಗಿದ್ಯಾ, ಅದನ್ನೂ ನೋಡ್ಬೇಕು.

ಆಮೇಲೆ ಕವರ್. ಚಂದಾದಾರರಿಗೆ ಪೋಸ್ಟಲ್ಲಿ ಬಂದ ಪ್ರತಿ ಮೇಲೆ ವಿಳಾಸದ ಲೇಬಲ್ ಇರತ್ತೆ, ಅಂಗಡಿಲಿ ಮಾರಿದ ಪ್ರತಿ ಮೇಲೆ ಇರಲ್ಲ, ಅದಕ್ಕೇ ಸಂಗ್ರಾಹಕರು ಲೇಬಲ್ ಇಲ್ಲದ ಪ್ರತಿಗೆ ಜಾಸ್ತಿ ಕೊಡ್ತಾರೆ. ಹಾಗಂತ ಲೇಬಲ್ ಕೀಳೋಕೆ ಹೋಗ್ಬೇಡಿ ದಯವಿಟ್ಟು. ನಾನೊಂದು ಕಿತ್ತೆ, ಜೊತೆಗೆ ಕವರ್‌ನ ಬಣ್ಣವೂ ಎದ್ದು ಬಂತು, ಲೇಬಲ್ ಇದ್ದಾಗ ಇದ್ದ ಬೆಲೆನೂ ಹೋಯ್ತು. ಹರಿದ ಜಾಗಕ್ಕೆ ಟೇಪ್ ಹಾಕೋದೂ ಅಷ್ಟೇ. ಇನ್ನು ತುಕ್ಕು ಹಿಡಿದ ಪಿನ್, ಕಂದು ಚುಕ್ಕೆ, ಮುಗ್ಗಲು ವಾಸನೆ, ಸಿಗರೇಟ್ ವಾಸನೆ. ವಾಸನೆ ಫೋಟೋದಲ್ಲಿ ಕಾಣ್ಸಲ್ಲ, ಹಾಗಾಗಿ ನಾನು ಬರೆದೇ ಹಾಕ್ತೀನಿ.

ಈಗ ಮುಖ್ಯ ವಿಷಯ, ಯಾವುದು ಅಪರೂಪ ಅನ್ನೋದು. ಅಮೆರಿಕದ ಲೈಫ್ ಪತ್ರಿಕೆ 1936ರ ನವೆಂಬರ್ 23ರಂದು ಶುರುವಾಗಿ 1972ರ ತನಕ ವಾರಪತ್ರಿಕೆ ಆಗಿತ್ತು, ವಾರವಾರವೂ ಲಕ್ಷಗಟ್ಟಲೆ ಪ್ರತಿ ಅಚ್ಚಾಗ್ತಿತ್ತು, ಅದಕ್ಕೇ ಮಾಮೂಲಿ ಸಂಚಿಕೆಗಳು ಹಳೇವಾದ್ರೂ ಸುಲಭವಾಗಿ ಸಿಗತ್ವೆ. ಆದ್ರೆ ಅದೇ ಪತ್ರಿಕೆಯ 1952ರ ಏಪ್ರಿಲ್ 7ರ, ಹಾಲಿವುಡ್ ನಟಿ ಮರ್ಲಿನ್ ಮನ್ರೋ ಇರೋ ಕವರ್ ಕೇಳೋರು ಬೇರೆನೇ ಇದ್ದಾರೆ. ಬ್ರಿಟನ್ನಿನ ರಾಜಕುಮಾರಿ ಡಯಾನಾ 1997ರಲ್ಲಿ ತೀರಿಕೊಂಡಾಗ ಬಂದ ವಿಶೇಷ ಸಂಚಿಕೆಗಳು ಇದಕ್ಕೆ ಉಲ್ಟಾ, ಮುಂದೆ ಬೆಲೆ ಬರತ್ತೆ ಅಂತ ಎಲ್ರೂ ಎತ್ತಿಟ್ರು, ಎಲ್ರ ಮನೇಲೂ ಇದ್ರೆ ಕೊಳ್ಳೋರು ಯಾರು? ಜನ ಓದಿ ಬಿಸಾಕಿದ್ದಕ್ಕೇ ಬೆಲೆ ಬರೋದು. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದಲ್ಲಿ ಹಳೇ ಕಾಗದ ಒಟ್ಟುಮಾಡಿ ಕೊಡಿ ಅಂತ ಅಭಿಯಾನ ನಡೀತು, ಅದಕ್ಕಿಂತ ಹಿಂದಿನ ಎಷ್ಟೋ ಸಿನಿಮಾ ಪತ್ರಿಕೆಗಳು ಹಾಗೇ ಹೋದ್ವು, ಈಗ ಒಳ್ಳೆ ಸ್ಥಿತೀಲಿ ಸಿಗೋದು ಕಷ್ಟ.

ನಂಗೆ ತುಂಬಾ ಇಷ್ಟವಾದ ಉದಾಹರಣೆ ಫ್ಯಾಮಿಲಿ ಸರ್ಕಲ್‌ನ 1946ರ ಏಪ್ರಿಲ್ 26ರ ಸಂಚಿಕೆ. ಅದು ಮನೆವಾರ್ತೆ ಪತ್ರಿಕೆ, ಕವರ್ ಮೇಲೆ ಕುರಿಮರಿ ಹಿಡ್ಕೊಂಡ ಒಬ್ಳು ಹುಡುಗಿ, ಆಕೆನೇ ಮುಂದೆ ಮನ್ರೋ ಆದವಳು, ಆಗಿನ್ನೂ ನಾರ್ಮಾ ಜೀನ್. ಬರೀ ಪತ್ರಿಕೆ ಹೆಸರು ನೋಡಿ ಗುಡ್ಡೆ ಮಾಡೋರ ಕೈಗೆ ಇಂಥದ್ದು ಸಿಕ್ಕಿದ್ರೆ ರದ್ದಿಗೆ ಹೋಗೋದೇ. ಇದನ್ನ ಓದಿದ ಮೇಲೆ ನಾನು ಟ್ರಂಕಿನ ಎಲ್ಲಾ ಸಂಚಿಕೆಗಳ ಕವರ್ ಮೇಲಿನ ಮುಖಗಳನ್ನ ಎರಡನೇ ಸಲ ಒಂದೊಂದಾಗಿ ನೋಡ್ದೆ.

ಮೊದಲ ಸಂಚಿಕೆ ಸಿಕ್ಕಿದ್ರೆ ಖುಷಿಪಡೋಕೆ ಮುಂಚೆ ರೀಪ್ರಿಂಟ್ ಇರ್ಬಹುದಾ ಅಂತ ನೋಡಿ, ಲೈಫ್ ಮೊದಲ ಸಂಚಿಕೆಗೂ ರೀಪ್ರಿಂಟ್ ಇದೆ. ಕಾಗದದ ದಪ್ಪ, ಹೊಳಪು, ಅಳತೆ ಅದೇ ವರ್ಷದ ಇನ್ನೊಂದು ಸಂಚಿಕೆ ಜೊತೆ ಇಟ್ಟು ನೋಡೋದು ನನ್ನ ಕ್ರಮ.

ಬೆಲೆಗೆ ಬಂದ್ರೆ, ಆನ್‌ಲೈನಲ್ಲಿ ಮಾರೋರು ಕೇಳ್ತಿರೋ ರೇಟನ್ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ, ಯಾರು ಎಷ್ಟು ಬೇಕಾದ್ರೂ ಕೇಳ್ಬಹುದು. ಮಾರಾಟ ಮುಗಿದ ಲಿಸ್ಟಿಂಗ್ ಅಂತ ಬೇರೆ ಫಿಲ್ಟರ್ ಇರತ್ತೆ, ಅಲ್ಲಿ ಅದೇ ಸಂಚಿಕೆಯ ಐದಾರು ಮಾರಾಟ ನೋಡಿ, ತೀರಾ ಜಾಸ್ತಿದು ತೀರಾ ಕಮ್ಮಿದು ಬಿಟ್ಟು, ನನ್ನ ಪ್ರತಿಗೆ ಹತ್ತಿರದ ಸ್ಥಿತಿ ಇರೋದನ್ನ ಮಾತ್ರ ಹಿಡೀತೀನಿ. ಮ್ಯಾಗಜೀನ್ ಭಾರ ಇರೋದ್ರಿಂದ ಕಳಿಸೋ ಖರ್ಚನ್ನೂ ಕಳೀಬೇಕು. ಸಿಜಿಸಿ ಅಂತ ಪ್ರತಿಯ ಸ್ಥಿತಿ ಪರೀಕ್ಷಿಸೋ ಕಂಪನಿ ಇದೆ, ಅಂಥವರು 10ರ ತನಕ ಅಂಕ ಕೊಟ್ಟು ಪ್ಲಾಸ್ಟಿಕ್ಕಲ್ಲಿ ಸೀಲ್ ಮಾಡಿ ಕೊಡ್ತಾರೆ, ಅದರ ಫೀಸ್ ಗಿಟ್ಟೋದು ತೀರಾ ಅಪರೂಪದ್ದಕ್ಕೆ ಮಾತ್ರ, ನಾನು ಒಂದನ್ನೂ ಮಾಡಿಸ್ಲಿಲ್ಲ. ಸೀಲ್ ಆದ್ಮೇಲೆ ತೆರೆದು ಓದೋಕಾಗಲ್ಲ ಅನ್ನೋದೂ ನಂಗೆ ಹಿಡಿಸ್ಲಿಲ್ಲ.

ಕೊನೆಗೆ 212ರಲ್ಲಿ 19 ಮಾತ್ರ ಬಿಡಿಯಾಗಿ ಮಾರೋಕೆ ಯೋಗ್ಯ ಅನ್ಸಿದ್ವು. ಅವನ್ನ ಆಸಿಡ್ ಇಲ್ಲದ ರಟ್ಟು ಹಾಕಿ ಪಾಲಿಯೆಸ್ಟರ್ ಕವರಲ್ಲಿ ಇಟ್ಟಿದ್ದೀನಿ, ಪಿವಿಸಿ ಕವರ್ ಬೇಡ, ಕಾಲ ಹೋದಂಗೆ ಅದು ಕಾಗದಕ್ಕೆ ಅಂಟ್ಕೊಳತ್ತೆ. ಉಳಿದವು ವರ್ಷದ ಪ್ರಕಾರ ಕಟ್ಟು ಕಟ್ಟಿ ಕೊಟ್ಟೆ. ಪುಟ ಹೋದ ಸಂಚಿಕೆಗಳು ಕೆಲಸಕ್ಕೆ ಬರಲ್ಲ ಅಂದ್ಕೊಂಡಿದ್ದೆ, ಹಳೇ ಕಾರಿನ ಜಾಹೀರಾತು ಫ್ರೇಮ್ ಹಾಕೋರು ಬಂದು ಅವನ್ನೇ ಮೊದ್ಲು ತಗೊಂಡು ಹೋದ್ರು.